ಬಚ್ಚಲಿನಿಂದ ಜಗಲಿಯವರೆಗೆ

ಆಲ್ದೂರಿನ ಆಚೆ, ಕಾಫಿ ತೋಟದ ನಡುವೆ ಇರುವ ನನ್ನ ಸೋದರತ್ತೆಯ ಮನೆಯಲ್ಲಿ ಬಚ್ಚಲು ಇಂದಿಗೂ ಹೊರಗೇ ಇದೆ. ಮಿಂದವರು ಜಗಲಿ ಸೇರಬೇಕಾದರೆ ಇಪ್ಪತ್ತು ಹೆಜ್ಜೆ ಅಂಗಳ ದಾಟಬೇಕು; ಕಾರ್ತಿಕ ಮಾಸದ ಬೆಳಗಿನ ಮಂಜಿನಲ್ಲಿ ಅಷ್ಟು ದೂರ ಬರುವುದರೊಳಗೆ ಹಂಡೆಯ ನೀರಿನ ಬಿಸಿಯೆಲ್ಲ ಮೈಯಿಂದ ಇಳಿದುಹೋಗಿರುತ್ತದೆ. ಎಪ್ಪತ್ತು ದಾಟಿದ ಅತ್ತೆ ಹೆಗಲಿಗೊಂದು ತೆಳು ಟವೆಲು ಹೊದ್ದು, ಹಲ್ಲು ಕಡಿಯುತ್ತಾ ಓಡಿಬರುವುದನ್ನು ಕಂಡಾಗಲೇ, ಈ ದೀಪಾವಳಿಯ ಎಣ್ಣೆಸ್ನಾನಕ್ಕೆ ಅವರಿಗೊಂದು ದಪ್ಪನೆಯ ಬಾತ್‌ರೋಬ್ ಹೊಲಿದುಕೊಡಬೇಕೆಂದು ನಿಶ್ಚಯಿಸಿದೆ. ವಿಷಯ ಹೇಳದೆ, ಅವರ ಹಳೆಯ ನೈಟಿಯೊಂದನ್ನು ತಂದು ಉದ್ದ ಅಗಲ ಗುರುತುಮಾಡಿಕೊಂಡೆ. ತೋಳನ್ನು ಮಾತ್ರ ನನ್ನ ಕೈಯಳತೆಯಲ್ಲೇ, ಮಣಿಕಟ್ಟಿನವರೆಗೆ, ಅಗಲವಾಗಿ ಇಟ್ಟುಕೊಂಡೆ. ಹೋಟೆಲುಗಳಲ್ಲಿ ಕಂಡ ರೋಬ್‌ಗಳ ಚಂದ ನನ್ನ ತಲೆಯಲ್ಲಿತ್ತು.

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯಲ್ಲಿ 60 ಇಂಚು ಪನ್ನದ ಮೂರೂವರೆ ಮೀಟರ್ ಟರ್ಕಿ ಬಟ್ಟೆ, ಅಂದರೆ ದಪ್ಪ ಟವೆಲಿನ ಬಟ್ಟೆ, ಸಿಕ್ಕಿತು. ಟರ್ಕಿಯ ಬುರ್ಸಾದಲ್ಲಿ ಕೈಮಗ್ಗದಲ್ಲಿ ನೇಯುತ್ತಿದ್ದ ಈ ಬಗೆಯ ಬಟ್ಟೆಯನ್ನು ಇಂಗ್ಲೆಂಡಿನ ಕ್ರಿಸ್ಟಿ ಕುಟುಂಬದವರು 1850ರ ಸುಮಾರಿಗೆ ಯಂತ್ರಕ್ಕೆ ಒಗ್ಗಿಸಿದರು. ಹೆಸರು ಮಾತ್ರ ಹುಟ್ಟೂರಿನದೇ ಉಳಿದು ನಮ್ಮ ಅಂಗಡಿಯವರೆಗೂ ಬಂದಿದೆ. ಮನೆಗೆ ತಂದವಳೇ ಬಿಸಿನೀರಿನಲ್ಲಿ ಒಗೆದು ಒಣಹಾಕಿದೆ. ಉದ್ದದಲ್ಲಿ ಸುಮಾರು ಒಂದು ಗೇಣು ಕುಗ್ಗಿತ್ತು. ಒಗೆಯದೆ ಕತ್ತರಿಸಿದ್ದರೆ ಮೊದಲ ಸ್ನಾನಕ್ಕೇ ಅದು ಅತ್ತೆಯ ಮೊಣಕಾಲು ಬಿಟ್ಟು ಮೇಲೇರುತ್ತಿತ್ತು.

ಈ ಬಟ್ಟೆಯಲ್ಲಿ ಹಾಸಿನ ಎಳೆಗಳು, ಅಂದರೆ ಉದ್ದಕ್ಕೆ ಸಾಗುವ ಎಳೆಗಳು, ಎರಡು ಬಗೆಯವು. ಒಂದು ಬಗೆಯವು ಬಿಗಿಯಾಗಿ ನಿಂತು ಬಟ್ಟೆಯ ಮೈಯಾಗುತ್ತವೆ, ಇನ್ನೊಂದು ಬಗೆಯವು ಸಡಿಲವಾಗಿ ಮೇಲೆದ್ದು ಕುಣಿಕೆಗಳಾಗುತ್ತವೆ. ನೀರು ಹೀರುವುದು ಆ ಕುಣಿಕೆಗಳೇ, ಹೊಲಿಯುವವರ ಪ್ರಾಣ ಹಿಂಡುವುದೂ ಅವೇ. ಕತ್ತರಿ ಆಡಿದಲ್ಲೆಲ್ಲ ತುಂಡಾದ ಕುಣಿಕೆಗಳು ಉದುರಿ, ಮೇಜು, ನೆಲ, ನನ್ನ ಹುಬ್ಬು ಎಲ್ಲವೂ ಬೂರುಗದ ಕಾಯಿ ಒಡೆದಂತೆ ಬೆಳ್ಳಗಾದವು. ನನ್ನ ತುಳಿಯುವ ಮಷೀನಿಗೆ 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯನ್ನು ಉದ್ದ ಮಾಡಿಕೊಂಡರೂ, ಕಾಲರು ಭುಜವನ್ನು ಕೂಡುವ ಕಡೆ ನಾಲ್ಕು ಪದರ ಸೇರಿದಾಗ ಬಟ್ಟೆ ಮುಂದೆ ಸರಿಯಲಿಲ್ಲ. ಅಲ್ಲಿ ಎರಡು ಸೂಜಿ ಮುರಿದವು. ಕೊನೆಗೆ ಕಾಲನ್ನು ಪೆಡಲಿನಿಂದ ತೆಗೆದು, ಕೈಯಿಂದಲೇ ಚಕ್ರ ತಿರುಗಿಸುತ್ತಾ ಒಂದೊಂದೇ ಹೊಲಿಗೆ ದಾಟಿಸಿದೆ. ಒಳಗಿನ ಅಂಚುಗಳನ್ನು ಮಡಚಿದರೆ ಬೆರಳು ದಪ್ಪವಾಗುತ್ತಿದ್ದುದರಿಂದ ಹಳೆಯ ಹತ್ತಿ ಸೀರೆಯಿಂದ ಓರೆಯಾಗಿ ಕ್ರಾಸ್ ಪಟ್ಟಿ ಕತ್ತರಿಸಿ, ಅಂಚಿಗೆ ಸುತ್ತಿ ಕಟ್ಟಿದೆ. ಅಂಚಿನ ಎಳೆ ಬಿಡದಂತೆ ಬೇರೆ ಮಷೀನಿನಲ್ಲಿ ಓವರ್‌ಲಾಕ್ ಮಾಡಿಸಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಉಡುಗೊರೆಯ ಒಳಭಾಗವೂ ನನ್ನ ಕೈಯದೇ ಆಗಿರಲಿ ಎಂಬ ಹಟ. ಜೇಬು, ಸೊಂಟದ ಪಟ್ಟಿ, ಗೂಟಕ್ಕೆ ನೇತುಹಾಕುವ ಕುಣಿಕೆ ಇವೆಲ್ಲ ಒಂದೇ ಸಂಜೆಯಲ್ಲಿ ಮುಗಿದವು.

ನೀರು ತುಂಬುವ ಹಬ್ಬದ ಸಂಜೆ ಪೊಟ್ಟಣ ಕೊಟ್ಟೆ. ಅತ್ತೆ ಬಿಡಿಸಿ, ಎತ್ತಿಹಿಡಿದು, ತೂಕ ನೋಡಿ, "ಇದೇನು ಮಾರಾಯ್ತಿ, ಮೈ ಒರೆಸಿಕೊಳ್ಳೋಕೂ ಒಂದು ಕೋಟು!" ಎಂದು ನಕ್ಕರು. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ ಮುಗಿಸಿ ಅದನ್ನೇ ತೊಟ್ಟರು. ನಾನು ಜಗಲಿಯಲ್ಲಿ ಕಾಯುತ್ತಿದ್ದೆ. ಬಹಳ ಹೊತ್ತಾದರೂ ಬರಲಿಲ್ಲ. ಬಂದದ್ದು ಹತ್ತಿ ಸುಟ್ಟ ವಾಸನೆ.

ಓಡಿಹೋಗಿ ನೋಡಿದರೆ ಅತ್ತೆ ಬಲತೋಳನ್ನು ಬಕೆಟ್ಟಿನಲ್ಲಿ ಅದ್ದಿ ನಿಂತಿದ್ದರು. ಮುಂದೆ ಮೀಯುವವರಿಗೆ ನೀರು ಕಾಯಲಿ ಎಂದು, ನಲವತ್ತೈದು ವರ್ಷಗಳಿಂದ ಮಾಡಿಕೊಂಡು ಬಂದಂತೆಯೇ, ಹೊರಡುವ ಮುನ್ನ ಬಗ್ಗಿ ಒಲೆಗೆ ಕಾಫಿ ಗಿಡದ ಬೊಡ್ಡೆ ನೂಕಿದ್ದಾರೆ. ಅಗಲ ತೋಳಿನ ಅಂಚು ಕೆಂಡಕ್ಕೆ ತಾಗಿ, ಮೇಲೆದ್ದ ಕುಣಿಕೆಗಳು ಸರಕ್ಕನೆ ಹೊತ್ತಿಕೊಂಡಿವೆ. ಕೈಗೆ ಏನೂ ಆಗಿರಲಿಲ್ಲ. ನನಗೆ ಮಾತ್ರ ನಿಂತಲ್ಲೇ ಮೈ ಬೆವೆತಿತು. ಉದ್ದ ಅಗಲಗಳನ್ನು ಇಂಚಿಂಚು ಅಳೆದವಳಿಗೆ, ಆ ಮನೆಯಲ್ಲಿ ಮಿಂದವರೇ ಒಲೆಯನ್ನೂ ನೋಡಿಕೊಳ್ಳುತ್ತಾರೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

"ಚಂದ ಹೊಲಿದಿದ್ದೀ, ಬೆಚ್ಚಗೂ ಇದೆ. ಒಲೆ ಮುಂದೆ ಕೂರೋಳಿಗೆ ಇಷ್ಟು ತೋಳು ಯಾಕೆ ಮಗಾ?" ಎಂದಷ್ಟೇ ಅಂದರು. ಕಾಫಿ ಕುಡಿದ ಮೇಲೆ ಜಗಲಿಯಲ್ಲೇ ಕೂತು ಎರಡೂ ತೋಳನ್ನು ಮೊಣಕೈಗಿಂತ ಮೇಲಕ್ಕೆ ಕತ್ತರಿಸಿದೆ, ಉಳಿದಿದ್ದ ಸೀರೆ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಸುತ್ತಿ ಅಂಚು ಕಟ್ಟಿದೆ. ಸುಟ್ಟ ಭಾಗವನ್ನು ಎಸೆಯಹೋದಾಗ ಅತ್ತೆ ಕೈಯಿಂದ ಕಸಿದುಕೊಂಡರು. ಕಾಫಿ ಕೊಯ್ಲಿನ ಹೊತ್ತಿಗೆ ಮತ್ತೆ ಹೋದಾಗ ರೋಬ್ ಬಚ್ಚಲ ಗೂಟದಲ್ಲಿ ಒದ್ದೆಯಾಗಿ ನೇತಾಡುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಕುದಿಯುವ ಅನ್ನದ ಪಾತ್ರೆಯನ್ನು ಇಳಿಸುತ್ತಿದ್ದುದು, ಕರಕಲು ಅಂಚನ್ನು ಕತ್ತರಿಸಿ ಎರಡು ಮಡಿಕೆ ಮಾಡಿದ ಆ ತೋಳುಗಳ ಮಸಿಬಟ್ಟೆಯಿಂದ.