ಹೋಲೋಗ್ರಾಂಗಾಗಿ ಜೆಲಟಿನ್ ಹದ ಹುಡುಕಿದ ಒಂದು ಭಾನುವಾರ

ಡಿಸೆಂಬರ್ ತಿಂಗಳ ಒಂದು ಭಾನುವಾರವನ್ನು ನಾನು ಒಂದೇ ಪ್ರಶ್ನೆಗೆ ಮೀಸಲಿಟ್ಟಿದ್ದೆ. ಕಲಬುರಗಿಯಂಥ ಬಿಸಿಲ ನಾಡಿನಲ್ಲಿ, ಮನೆಯ ಹಿಂದಿನ ಒಂದು ಕೋಣೆಯಲ್ಲಿ ಡೈಕ್ರೋಮೇಟ್ ಎಂಬ ಕ್ರೋಮಿಯಂ ಲವಣ ಬೆರೆಸಿದ ಜೆಲಟಿನ್‌ನಲ್ಲಿ ಹೋಲೋಗ್ರಾಂ, ಅಂದರೆ ಲೇಸರ್ ಬೆಳಕಿನಿಂದ ಮೂಡಿಸುವ ಆಳವುಳ್ಳ ಚಿತ್ರ, ಮಾಡಬೇಕೆಂದರೆ ಯಾವ ಜೆಲಟಿನ್ ಕೊಳ್ಳಬೇಕು, ಅದನ್ನು ಯಾವ ರಾಸಾಯನಿಕದಿಂದ ಎಷ್ಟರಮಟ್ಟಿಗೆ ಗಟ್ಟಿಗೊಳಿಸಬೇಕು? ಲೇಸರ್ ಮತ್ತು ಕನ್ನಡಿಗಳ ವಿಷಯದಲ್ಲಿ ಬೇಕಾದಷ್ಟು ಮಾರ್ಗದರ್ಶನ ಸಿಗುತ್ತದೆ. ಆದರೆ ಗಾಜಿನ ಮೇಲೆ ಕುಳಿತುಕೊಳ್ಳುವ, ಕೂದಲೆಳೆಗಿಂತಲೂ ತೆಳುವಾದ ಆ ಪದರದ ಹದವನ್ನು ನಮ್ಮ ಹವೆಗೆ ಹೊಂದಿಸಿಕೊಳ್ಳುವ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.

ಹದ ಏಕೆ ಇಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಬೇಕು. ಡೈಕ್ರೋಮೇಟ್ ಬೆರೆತ ಜೆಲಟಿನ್‌ಗೆ ನೀಲಿ ಬೆಳಕು ತಾಗಿದಾಗ ಆರು ವೇಲೆನ್ಸಿಯ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿಯುತ್ತದೆ ಮತ್ತು ಜೆಲಟಿನ್ ಸರಪಳಿಗಳ ಕಾರ್ಬಾಕ್ಸಿಲ್ ಗುಂಪುಗಳನ್ನು ಹಿಡಿದು ಅವುಗಳ ನಡುವೆ ಅಡ್ಡಬಂಧ ಕಟ್ಟುತ್ತದೆ. ಎರಡು ಲೇಸರ್ ಕಿರಣಗಳು ಸೇರಿ ಮೂಡಿಸುವ ವ್ಯತಿಕರಣ ಪಟ್ಟಿಗಳಲ್ಲಿ ಬೆಳಕಿದ್ದ ಜಾಗ ಗಟ್ಟಿಯಾಗುತ್ತದೆ, ಕತ್ತಲಿದ್ದ ಜಾಗ ಮೃದುವಾಗಿಯೇ ಉಳಿಯುತ್ತದೆ. ಆಮೇಲೆ ಪದರವನ್ನು ನೀರಿನಲ್ಲಿ ಉಬ್ಬಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮುಳುಗಿಸಿ ಆ ನೀರನ್ನು ಥಟ್ಟನೆ ಹೊರಗೆಳೆದಾಗ ಗಟ್ಟಿ ಭಾಗಕ್ಕೂ ಮೃದು ಭಾಗಕ್ಕೂ ವಕ್ರೀಭವನಾಂಕದಲ್ಲಿ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣದಲ್ಲಿ, ದೊಡ್ಡ ಅಂತರ ಏರ್ಪಡುತ್ತದೆ. ಹೋಲೋಗ್ರಾಂನ ಪ್ರಕಾಶವೆಲ್ಲ ಈ ಅಂತರದಿಂದಲೇ ಬರುತ್ತದೆ. ಮೊದಲೇ ಪದರ ತೀರಾ ಗಟ್ಟಿಯಾಗಿದ್ದರೆ ಬೆಳಕಿಗೆ ಮಾಡಲು ಕೆಲಸ ಉಳಿಯುವುದಿಲ್ಲ, ಚಿತ್ರ ಮಂಕಾಗುತ್ತದೆ. ತೀರಾ ಮೃದುವಾಗಿದ್ದರೆ ಅದು ನೀರಿನಲ್ಲಿ ಕರಗಿ ಹೋಗುತ್ತದೆ, ಇಲ್ಲವೇ ಹಾಲಿನಂತೆ ಬೆಳ್ಳಗಾಗುತ್ತದೆ. 1968ರಲ್ಲಿ ಬೆಲ್ ಪ್ರಯೋಗಾಲಯದ ಶಾಂಕಾಫ್ ಈ ಮಾಧ್ಯಮದಲ್ಲಿ ಹೋಲೋಗ್ರಾಂ ಮಾಡಿ ತೋರಿಸಿದ ಮರುವರ್ಷವೇ ಲಿನ್ ಎಂಬ ಸಂಶೋಧಕರು ಮುಂಚಿತವಾಗಿ ಗಟ್ಟಿಗೊಳಿಸಿದ ಜೆಲಟಿನ್ ಪದರಗಳ ಬಗ್ಗೆ ಬರೆದರು. ಹಾರ್ಡನರ್‌ನ, ಅಂದರೆ ಗಟ್ಟಿಗೊಳಿಸುವ ರಾಸಾಯನಿಕದ, ಪ್ರಶ್ನೆ ಈ ಕಲೆಯಷ್ಟೇ ಹಳೆಯದು.

ಜೆಲಟಿನ್ ಆಯ್ಕೆಯ ವಿಷಯದಲ್ಲಿ ನನಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ‘ವೆಜ್ ಜೆಲಟಿನ್’ ಎಂದು ಸಿಗುವ ಪುಡಿ ಸಾಮಾನ್ಯವಾಗಿ ಕಡಲಪಾಚಿಯಿಂದ ತೆಗೆದ ಸಕ್ಕರೆ ಜಾತಿಯ ವಸ್ತು. ಅದು ಪ್ರೋಟೀನ್ ಅಲ್ಲ, ಕ್ರೋಮಿಯಂ ಹಿಡಿದುಕೊಳ್ಳುವ ಆ ಕಾರ್ಬಾಕ್ಸಿಲ್ ಗುಂಪುಗಳು ಜೆಲಟಿನ್‌ನಲ್ಲಿ ಇರುವ ರೀತಿಯಲ್ಲಿ ಅದರಲ್ಲಿ ಇರುವುದಿಲ್ಲ. ಹಾಗಾಗಿ ಅದನ್ನು ಕೈಬಿಟ್ಟೆ. ಉಳಿದವು ಎರಡು: ಅದೇ ಅಂಗಡಿಯ ನಿಜವಾದ ಜೆಲಟಿನ್ ಪುಡಿ, ಮತ್ತು ಪ್ರಯೋಗಾಲಯದ ಸಾಮಾನು ಮಾರುವವರಿಂದ ತರಿಸಿದ, 250 ಬ್ಲೂಮ್ ಎಂದು ನಮೂದಿಸಿದ್ದ, ಎಲುಬನ್ನು ಸುಣ್ಣದಲ್ಲಿ ಹದಗೊಳಿಸಿ ತೆಗೆದ ಬಿ ಬಗೆಯ ಜೆಲಟಿನ್. ಬ್ಲೂಮ್ ಎಂಬುದು ಜೆಲ್ಲಿಯ ಬಿಗಿತದ ಅಳತೆ. ಶೇಕಡಾ 6.67ರ ದ್ರಾವಣವನ್ನು 10 ಡಿಗ್ರಿಯಲ್ಲಿ ರಾತ್ರಿಯಿಡೀ ತಣಿಸಿ, 12.7 ಮಿಲಿಮೀಟರ್ ಅಗಲದ ದಿಂಡು ಅದರೊಳಗೆ 4 ಮಿಲಿಮೀಟರ್ ಇಳಿಯಲು ಎಷ್ಟು ಗ್ರಾಂ ಭಾರ ಬೇಕು ಎಂಬುದೇ ಆ ಅಂಕೆ. ಅಂಕೆ ಹೆಚ್ಚಿದ್ದಷ್ಟೂ ಸರಪಳಿಗಳು ಉದ್ದವಾಗಿರುತ್ತವೆ ಮತ್ತು ಪದರ ಉಬ್ಬಿದಾಗ ತನ್ನನ್ನು ತಾನು ಹಿಡಿದುಕೊಳ್ಳುತ್ತದೆ. ಅಂಗಡಿಯ ಪೊಟ್ಟಣದ ಮೇಲೆ ಈ ಅಂಕೆಯೇ ಇರಲಿಲ್ಲ, ದ್ರಾವಣವೂ ಆರಂಭದಿಂದಲೇ ತುಸು ಮಬ್ಬಾಗಿತ್ತು. ಬೆಳಕಿಗಾಗಿ ಮಾಡುವ ಪದರದಲ್ಲಿ ಆ ಮಬ್ಬನ್ನು ಕ್ಷಮಿಸಲಾಗದು.

ಇದನ್ನೆಲ್ಲ ಅಡುಗೆಮನೆಯಿಂದ ದೂರ ಇಡುವುದು ನಮ್ಮ ಮನೆಯಲ್ಲಿ ಎರಡು ಕಾರಣಗಳಿಂದ ಅನಿವಾರ್ಯವಾಗಿತ್ತು. “ನೋಡಪ್ಪ, ಎಲುಬಿನ ಸಾಮಾನು ಅಡಗಿಮನ್ಯಾಗ ಬ್ಯಾಡ” ಎಂದು ಅವ್ವ ಮೊದಲೇ ಹೇಳಿದ್ದರು. ಡೈಕ್ರೋಮೇಟಿನ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದ್ದರಿಂದ ಅವ್ವನ ಮಾತು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಪಾಲಿಸಲೇಬೇಕಾದದ್ದು. ಪಾತ್ರೆ, ಥರ್ಮಾಮೀಟರ್, ಕೈಗವಸು ಎಲ್ಲವೂ ಆ ಕೋಣೆಗಷ್ಟೇ ಸೇರಿದವು. ಪುಡಿಯ ಧೂಳು ಉಸಿರಿಗೆ ಸೇರದಂತೆ ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ತೂಗಬೇಕು. ಉಳಿದ ದ್ರಾವಣಕ್ಕೆ ತುಸು ಆಮ್ಲ ಮತ್ತು ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಕಿತ್ತಳೆ ಬಣ್ಣ ಪೂರ್ತಿ ಹಸಿರಿಗೆ ತಿರುಗುವ ತನಕ ಕಾಯಬೇಕು. ಆ ಹಸಿರನ್ನೂ ಮೋರಿಗೆ ಚೆಲ್ಲದೆ, ಸುಣ್ಣದಿಂದ ಒತ್ತರಿಸಿ ಗಸಿಯನ್ನು ಪ್ರತ್ಯೇಕವಾಗಿ ಇಡುತ್ತೇನೆ.

ಕಷ್ಟದ ಆಯ್ಕೆ ಹಾರ್ಡನರ್‌ನದು. ನನ್ನ ಮುಂದಿದ್ದವು ಮೂರು: ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುವ ಸಾಧಾರಣ ಪಟಿಕ, ನೇರಳೆ ಹರಳಿನ ಕ್ರೋಮ್ ಆಲಂ ಮತ್ತು ಫಾರ್ಮಾಲ್ಡಿಹೈಡ್‌ನ ದ್ರಾವಣವಾದ ಫಾರ್ಮಾಲಿನ್. ಪಟಿಕದ ಅಲ್ಯೂಮಿನಿಯಂ ಮತ್ತು ಕ್ರೋಮ್ ಆಲಂನ ಕ್ರೋಮಿಯಂ ಎರಡೂ ಕಾರ್ಬಾಕ್ಸಿಲ್ ಗುಂಪುಗಳನ್ನೇ ಹಿಡಿಯುತ್ತವೆ, ಆದರೆ ಅಲ್ಯೂಮಿನಿಯಂನ ಹಿಡಿತ ಸಡಿಲ. ಫಾರ್ಮಾಲಿನ್ ಮಾತ್ರ ಬೇರೆ ದಾರಿ ಹಿಡಿದು ಜೆಲಟಿನ್‌ನಲ್ಲಿರುವ ಲೈಸೀನ್ ಎಂಬ ಘಟಕದ ಅಮೈನೊ ಗುಂಪುಗಳಿಗೆ ಅಂಟಿಕೊಳ್ಳುತ್ತದೆ. ಬೆಳಕಿನ ಕೆಲಸಕ್ಕೆ ಬೇಕಾದ ಕಾರ್ಬಾಕ್ಸಿಲ್‌ಗಳು ಮುಟ್ಟದೆ ಉಳಿಯುತ್ತವೆ ಎಂಬ ಲೆಕ್ಕದಲ್ಲಿ ಫಾರ್ಮಾಲಿನ್ನೇ ಉತ್ತಮವೆಂದು ತೋರುತ್ತದೆ. ಇದು ಕಾಗದದ ಮೇಲಿನ ತರ್ಕ. ಅದನ್ನು ಗಾಜಿನ ಮೇಲೆ ನೋಡಬೇಕೆಂಬುದೇ ಆ ಭಾನುವಾರದ ಉದ್ದೇಶವಾಗಿತ್ತು.

ಗಾಜಿನ ಪಟ್ಟಿಗಳನ್ನು ಮುಂಚೆಯೇ ಬಳಿದು ಒಣಗಿಸಿಟ್ಟಿದ್ದೆ. ಜೆಲಟಿನ್ ಅನ್ನು ತಣ್ಣೀರಿನಲ್ಲಿ ನೆನೆಸಿ, 55 ಡಿಗ್ರಿಗೆ ಮೀರದಂತೆ ಕಾಯಿಸಿ ಕರಗಿಸಿದ್ದೆ. ನಮ್ಮ ಬೋರಿನ ನೀರು ಸುಣ್ಣದ ಅಂಶ ತುಂಬಿದ್ದಾದ್ದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬಳಸಿದ್ದೆ. ಕ್ರೋಮ್ ಆಲಂ ದ್ರಾವಣವನ್ನು ಬಿಸಿ ಮಾಡಿದರೆ ಅದು ನೇರಳೆಯಿಂದ ಹಸಿರಿಗೆ ತಿರುಗಿ ಗಟ್ಟಿಗೊಳಿಸುವ ಕಸುವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ತಣ್ಣಗಿನ ನೀರಿನಲ್ಲೇ ತೆಳ್ಳಗೆ ಕರಗಿಸಿ, ಬಳಿಯುವ ತುಸು ಮುಂಚೆ, ಕಲಕುತ್ತ ಕಲಕುತ್ತ ಹನಿಹನಿಯಾಗಿ ಸೇರಿಸಬೇಕು. ಅವಸರದಲ್ಲಿ ಒಮ್ಮೆಲೇ ಸುರಿದರೆ ಜೆಲಟಿನ್ ಎಳೆ ಎಳೆಯಾಗಿ ಗಂಟು ಕಟ್ಟುತ್ತದೆ.

ಬೆಳಿಗ್ಗೆ ನಡೆಸಿದ್ದು ಕರಗುವ ಪರೀಕ್ಷೆ. ಹಳೆಯ ಫೋಟೋ ಫಿಲ್ಮ್ ತಂತ್ರಜ್ಞರ ವಿಧಾನವೇ ಇದು: ಪಟ್ಟಿಗಳನ್ನು ನೀರಿನ ಬೀಕರ್‌ನಲ್ಲಿ ನಿಲ್ಲಿಸಿ, ನೀರನ್ನು ನಿಧಾನವಾಗಿ ಕಾಯಿಸುತ್ತ, ಪದರ ಯಾವ ಉಷ್ಣತೆಯಲ್ಲಿ ಗಾಜಿನಿಂದ ಜಾರುತ್ತದೆ ಎಂದು ನೋಡುವುದು. ಹಾರ್ಡನರ್ ಇಲ್ಲದ ಅಂಗಡಿ ಜೆಲಟಿನ್ 30 ಡಿಗ್ರಿ ದಾಟುತ್ತಿದ್ದಂತೆ ಜಾರಿತು, 250 ಬ್ಲೂಮ್‌ನದು ಇನ್ನು ಸ್ವಲ್ಪವೇ ತಡೆದುಕೊಂಡಿತು. ಮೇ ತಿಂಗಳಲ್ಲಿ ಇಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ನಲ್ಲಿ ನೀರೇ ಅದಕ್ಕಿಂತ ಬಿಸಿಯಾಗಿರುತ್ತದೆ. ತಂಪು ದೇಶಗಳಲ್ಲಿ ಹಾರ್ಡನರ್ ಇಲ್ಲದೆಯೇ ನಡೆದುಹೋಗುವ ವಿಧಾನಗಳು ನಮ್ಮಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದು ಆ ಬೀಕರ್‌ನಲ್ಲೇ ಕಾಣಿಸಿತು. ಪಟಿಕ ಹಾಕಿದ ಪದರ 45ರ ಆಸುಪಾಸಿನಲ್ಲಿ ಕೈಬಿಟ್ಟಿತು. ಕ್ರೋಮ್ ಆಲಂ ಮತ್ತು ಫಾರ್ಮಾಲಿನ್ ಪದರಗಳು 80 ದಾಟಿದರೂ ಅಲುಗಲಿಲ್ಲ.

ಈ ಎರಡರ ನಡುವಿನ ವ್ಯತ್ಯಾಸವನ್ನು ತೋರಿಸಿದ್ದು ತಕ್ಕಡಿ. ಒಣ ಪಟ್ಟಿಯನ್ನು ತೂಗಿ, 20 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ಇಟ್ಟು, ಮೇಲಿನ ನೀರನ್ನು ಒತ್ತಿ ತೆಗೆದು ಮತ್ತೆ ತೂಗಿದರೆ ಪದರ ಎಷ್ಟು ನೀರು ಕುಡಿಯಿತು ಎಂದು ತಿಳಿಯುತ್ತದೆ. ಹೊಸದಾಗಿ ಬಳಿದ ಫಾರ್ಮಾಲಿನ್ ಪದರ ಚೆನ್ನಾಗಿಯೇ ಕುಡಿಯುತ್ತಿತ್ತು. ಅದೇ ದ್ರಾವಣದಿಂದ ಕೆಲವು ವಾರಗಳ ಹಿಂದೆ ಬಳಿದಿಟ್ಟದ್ದು ನೀರನ್ನು ಬಹುತೇಕ ಒಲ್ಲೆ ಎಂದಿತು. ಫಾರ್ಮಾಲಿನ್ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ, ಡಬ್ಬಿಯೊಳಗಿದ್ದರೂ ದಿನದಿಂದ ದಿನಕ್ಕೆ ಗಟ್ಟಿಗೊಳಿಸುತ್ತಲೇ ಹೋಗುತ್ತದೆ. ಕ್ರೋಮ್ ಆಲಂ ಹಾಕಿದ ಹಳೆಯ ಮತ್ತು ಹೊಸ ಪಟ್ಟಿಗಳ ನಡುವೆ ಅಂತರ ಅಲ್ಪ. ಹಾರ್ಡನರ್‌ನ ಬಲಕ್ಕಿಂತ ಅದು ಎಲ್ಲಿ ನಿಲ್ಲುತ್ತದೆ ಎಂಬುದೇ ದೊಡ್ಡ ಗುಣ ಎಂದು ನನಗೆ ಮನವರಿಕೆಯಾದದ್ದು ಆ ಮಧ್ಯಾಹ್ನ.

ಡೈಕ್ರೋಮೇಟ್ ಕೂಡ ಕತ್ತಲಲ್ಲೇ ನಿಧಾನವಾಗಿ ಗಟ್ಟಿಗೊಳಿಸುತ್ತದೆ ಎಂಬುದನ್ನು ನನಗೆ ಮೊದಲು ತಿಳಿಸಿದವರು ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯ ಹಿರಿಯರು. “ಬೈಕ್ರೋಮೇಟ್ ಕಲಸಿದ ಮ್ಯಾಗ ಅವತ್ತಿಂದವತ್ತೇ ಮುಗಿಸಬೇಕ್ರಿ ಸರ. ನಾಳಿಗಿ ಇಟ್ರ ತಾನೇ ಗಟ್ಟಿ ಆಗ್ತದ” ಎಂದಿದ್ದರು. ಪರದೆಗೆ ಅವರು ಬಳಸುವ ರಸಾಯನವೂ ನಮ್ಮದೂ ಒಂದೇ ಕುಟುಂಬದವು. ಅವರ ಮಾತಿನಂತೆಯೇ ಆ ಸಂಜೆ ಕೆಂಪು ಎಲ್‌ಇಡಿ ದೀಪದಡಿಯಲ್ಲಿ ಪಟ್ಟಿಗಳನ್ನು ಶೇಕಡಾ 5ರ ಅಮೋನಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಅಂದೇ ರಾತ್ರಿ ಬೆಳಕಿಗೆ ಒಡ್ಡಿದೆ.

ಮೇಜೆಂದರೆ ಗಾಳಿ ಕಡಿಮೆ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಇಟ್ಟ ದಪ್ಪನೆಯ ಶಹಾಬಾದ್ ಫರ್ಸಿ. ವಸ್ತುವಾಗಿ ಒಂದು ಪುಟ್ಟ ಬಿದ್ರಿ ಡಬ್ಬಿಯನ್ನು ಆರಿಸಿಕೊಂಡಿದ್ದೆ. ಸತು ಮತ್ತು ತಾಮ್ರದ ಎರಕವಾದ್ದರಿಂದ ಅದು ಮಿಸುಕುವುದಿಲ್ಲ, ಬೀದರ್ ಕೋಟೆಯ ಮಣ್ಣಿನಲ್ಲಿ ಕಪ್ಪಾದ ಮೈಯ ಮೇಲೆ ಬೆಳ್ಳಿಯ ಎಳೆಗಳು ಲೇಸರ್ ಬೆಳಕನ್ನು ಬಲವಾಗಿ ಹಿಂದಿರುಗಿಸುತ್ತವೆ. 457 ನ್ಯಾನೊಮೀಟರ್‌ನ ನೀಲಿ ಕಿರಣ ಗಾಜನ್ನು ಹಾದುಹೋಗಿ ಡಬ್ಬಿಯಿಂದ ಮರಳುವ, ಡೆನಿಸ್ಯುಕ್ ಎಂಬ ವಿಜ್ಞಾನಿಯ ಹೆಸರಿನ ಜೋಡಣೆ ಅದು. ಬೆಳ್ಳಿ ಲವಣದ ಫಿಲ್ಮಿಗಿಂತ ಈ ಜೆಲಟಿನ್ ನೂರಾರು ಪಟ್ಟು ನಿಧಾನ. ನಿಮಿಷಗಟ್ಟಲೆ ಬೆಳಕು ಬೀಳುವಾಗ ಬೆಳಕಿನ ಅಲೆಯ ಕಾಲು ಭಾಗದಷ್ಟು ಚಲನೆಯೂ ಆಗಬಾರದು ಎಂಬ ಕಾರಣಕ್ಕೆ ರಸ್ತೆಯ ಲಾರಿಗಳು ನಿಂತ ಮೇಲೆಯೇ ಶುರು ಮಾಡಿದೆ.

ತೊಳೆದು, ಶೇಕಡಾ 50, 75, ಕೊನೆಗೆ 99ರ ಆಲ್ಕೊಹಾಲ್‌ನಲ್ಲಿ ಮುಳುಗಿಸಿ ಒಣಗಿಸಿದಾಗ ಫಲಿತಾಂಶ ಕಣ್ಣೆದುರಿಗಿತ್ತು. ಪಟಿಕದ ಪದರದಲ್ಲಿ ಚಿತ್ರವೇನೋ ಉಜ್ವಲ, ಆದರೆ ಅದರ ಮೇಲೆ ಬಿಳಿ ಪೊರೆ. ಫಾರ್ಮಾಲಿನ್‌ನ ಹಳೆಯ ಪದರ ಗಾಜಿನಷ್ಟೇ ತಿಳಿ, ಚಿತ್ರ ಮಾತ್ರ ಹುಡುಕಿ ನೋಡಬೇಕಾದಷ್ಟು ಮಂಕು. ಕ್ರೋಮ್ ಆಲಂ ಅನ್ನು ಒಣ ಜೆಲಟಿನ್‌ನ ತೂಕದ ಶೇಕಡಾ 2ರಷ್ಟು ಹಾಕಿದ್ದು ಮಂಕಿನತ್ತ ವಾಲಿತ್ತು. ಶೇಕಡಾ ಅರ್ಧದಷ್ಟು ಹಾಕಿದ್ದು ಹೆಚ್ಚು ಉಬ್ಬಿ, ಹಲವು ಬಣ್ಣ ಬೆರೆತ ಹೊಂಬಣ್ಣದಲ್ಲಿ ಹೊಳೆಯಿತಾದರೂ ಅಂಚಿನಲ್ಲಿ ಮಬ್ಬಿತ್ತು. ಶೇಕಡಾ 1, ಅಂದರೆ 10 ಗ್ರಾಂ ಜೆಲಟಿನ್‌ಗೆ 0.1 ಗ್ರಾಂ, ಹಾಕಿದ ಪದರದಲ್ಲಿ ಬಿದ್ರಿಯ ಬಳ್ಳಿಯ ಎಳೆ ಎಳೆಯೂ ಹಸಿರು ಮಿಂಚಿನಲ್ಲಿ ಗಾಜಿನ ಹಿಂದೆ ನಿಂತಿತ್ತು. ಆ ರಾತ್ರಿಯ ಸಂತೋಷವನ್ನು ಇಂದಿಗೂ ನಾನು ಮರೆತಿಲ್ಲ.

ಹಾರ್ಡನರ್ ಪರಿಹರಿಸಲಾರದ ಒಂದು ತೊಡಕು ಉಳಿದಿತ್ತು. ಬಳಿದ ಜೆಲಟಿನ್ ಮೊದಲು ತಂಪಿಗೆ ಹೆಪ್ಪುಗಟ್ಟಿ ಸಮನಾಗಿ ನಿಲ್ಲಬೇಕು, ಗಟ್ಟಿಯಾಗುವುದು ಆಮೇಲಿನ ಮಾತು. ಏಪ್ರಿಲ್‌ನಲ್ಲಿ 40 ಡಿಗ್ರಿ ಇರುವಾಗ ಕ್ರೋಮ್ ಆಲಂ ಹೆಚ್ಚಿಸಿದ ಮಾತ್ರಕ್ಕೆ ಪದರ ಹೆಪ್ಪುಗಟ್ಟದು, ಅಂಚಿಗೆ ಹರಿದು ಅಲೆ ಅಲೆಯಾಗುತ್ತದೆ. ಹೀಗಾಗಿ ಈಗ ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಂಪಿನಲ್ಲೇ ವರ್ಷಕ್ಕೆ ಬೇಕಾಗುವ ಗಾಜುಗಳಿಗೆಲ್ಲ ಶೇಕಡಾ 1ರ ಕ್ರೋಮ್ ಆಲಂ ಜೆಲಟಿನ್ ಬಳಿದು, ಡೈಕ್ರೋಮೇಟ್ ಇಲ್ಲದೆಯೇ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ. ಬೇಕಾದ ದಿನ ಮಾತ್ರ ಮಂಜುಗಡ್ಡೆಯಿಂದ 20 ಡಿಗ್ರಿಗೆ ಇಳಿಸಿದ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿ ಅಂದೇ ಬಳಸುತ್ತೇನೆ. ಮುಗಿದ ಹೋಲೋಗ್ರಾಂ ತೇವಕ್ಕೆ ಅಳಿಸಿಹೋಗುವಂಥದ್ದಾದ್ದರಿಂದ, ಸುತ್ತಲಿನ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಜೆಲಟಿನ್ ಕೆರೆದು ತೆಗೆದು, ಮೇಲೊಂದು ಗಾಜಿಟ್ಟು ಎಪಾಕ್ಸಿಯಿಂದ ಮುಚ್ಚುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳುತ್ತೇನೆ.