ಲಿಥಿಯಂ ನಯೋಬೇಟ್ ಮೇಲೆ ಶಕ್ತಿ ಸೋರುವ ಬಗೆ

ಕಡಿಮೆ ತಾಪದ ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದರಲ್ಲಿ ಇಂದಿಗೂ ಕೈಹಿಡಿಯುವುದು ಅತಿವಾಹಕ (ಪ್ರತಿರೋಧವಿಲ್ಲದೆ ವಿದ್ಯುತ್ ಹರಿಸುವ) ಸರ್ಕ್ಯೂಟ್‌ಗಳಲ್ಲಿ ಶಕ್ತಿನಷ್ಟದ ಮೂಲ ಹುಡುಕುವ ಕ್ರಮ. ಈಗ ಅಲ್ಲಿ ಕೆಲಸ ಶುರುಮಾಡುವವರಿಗಾಗಿ ಅದನ್ನು ಬರೆದಿಡುತ್ತಿದ್ದೇನೆ.

ಅಲ್ಯೂಮಿನಿಯಂ 1.2 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕ. ಅದರ ರೆಸೊನೇಟರ್ (ಒಂದು ನಿರ್ದಿಷ್ಟ ಆವರ್ತನದಲ್ಲಿ ಮಿಡಿಯುವ ಸರ್ಕ್ಯೂಟ್) ಸಿಲಿಕಾನ್ ಮೇಲಿದ್ದರೆ, ಒಂದೇ ಫೋಟಾನ್‌ನಷ್ಟು ಶಕ್ತಿಯಲ್ಲೂ ಕ್ಯೂ, ಅಂದರೆ ಅದು ಶಕ್ತಿಯನ್ನು ಎಷ್ಟು ಚೆನ್ನಾಗಿ ಹಿಡಿದಿಡುತ್ತದೆಂಬ ಅಳತೆ, ಹತ್ತು ಲಕ್ಷ ಮುಟ್ಟಬಲ್ಲದು. ಅದೇ ವಿನ್ಯಾಸ ಲಿಥಿಯಂ ನಯೋಬೇಟ್‌ನಂಥ ಪೀಜೋಎಲೆಕ್ಟ್ರಿಕ್ (ವಿದ್ಯುತ್ ಕ್ಷೇತ್ರಕ್ಕೆ ಆಕಾರ ಬದಲಿಸುವ) ಹರಳಿನ ಮೇಲೆ ಬಂದರೆ ಕ್ಯೂ ಕುಸಿಯುತ್ತದೆ. 10,000ಕ್ಕೆ ಇಳಿಯಿತೆಂದರೆ, 5 ಗಿಗಾಹರ್ಟ್ಸ್‌ನಲ್ಲಿ ಶಕ್ತಿ ನಿಲ್ಲುವುದು ಸುಮಾರು 0.3 ಮೈಕ್ರೋಸೆಕೆಂಡ್. ಇಲ್ಲಿ ಲೋಹವನ್ನು ದೂರಬೇಡಿ. ಕೆಪಾಸಿಟರ್‌ನ ವಿದ್ಯುತ್ ಕ್ಷೇತ್ರ ಹರಳನ್ನೇ ಹಿಗ್ಗಿಸಿ ಕುಗ್ಗಿಸುತ್ತದೆ. ಆ ಕಂಪನ ಧ್ವನಿ ತರಂಗವಾಗಿ ಹರಳಿನೊಳಕ್ಕೆ ಹೋಗುತ್ತದೆ, ಸಾಮಾನ್ಯವಾಗಿ ಮರಳುವುದಿಲ್ಲ. ಮೇಲ್ಮೈಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 4 ಕಿ.ಮೀ.; ಅಂದರೆ 5 ಗಿಗಾಹರ್ಟ್ಸ್‌ಗೆ ತರಂಗಾಂತರ 0.8 ಮೈಕ್ರೋಮೀಟರ್. ಬೆರಳು ಹೆಣೆದಂಥ ಕೆಪಾಸಿಟರ್‌ನ ಗೆರೆಗಳು ಇದೇ ಅಳತೆಯಲ್ಲಿ ಮರುಕಳಿಸಿದರೆ ಅದು ನೇರವಾಗಿ ಧ್ವನಿ ಹೊಮ್ಮಿಸುವ ಸಾಧನವೇ ಆಗಿಬಿಡುತ್ತದೆ. ಗೆರೆಗಳ ಅಂತರ ಹೆಚ್ಚಿಸಿದರೆ ಸೋರಿಕೆ ತಗ್ಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಲೋಹದ ಅಂಚಿನಲ್ಲಿ ಕ್ಷೇತ್ರ ಥಟ್ಟನೆ ಬದಲಾಗುವಲ್ಲೆಲ್ಲ ತರಂಗ ಹುಟ್ಟುತ್ತದೆ.

ಪತ್ತೆಗೆ ಅತ್ಯಂತ ನಂಬಲರ್ಹ ಪರೀಕ್ಷೆ ಪವರ್ ಬದಲಿಸುವುದು. ಡೈಲ್ಯೂಷನ್ ಫ್ರಿಜ್ (ಹೀಲಿಯಂ ಮಿಶ್ರಣದಿಂದ ತಣಿಸುವ ಯಂತ್ರ) 10 ಮಿಲಿಕೆಲ್ವಿನ್ ಆಸುಪಾಸಿಗೆ ಬಂದ ಮೇಲೆ, ಸಂಕೇತ ಕಳಿಸಿ ರೆಸೊನೇಟರ್‌ನ ಪ್ರತಿಕ್ರಿಯೆ ಅಳೆಯುವ ನೆಟ್‌ವರ್ಕ್ ಅನಲೈಸರ್‌ನ ಪವರ್ ಹಂತಹಂತವಾಗಿ ಇಳಿಸಿ, ಪ್ರತಿ ಹಂತದಲ್ಲೂ ಆಂತರಿಕ ಕ್ಯೂ (ಅಳೆಯುವ ತಂತಿಯತ್ತ ಹೋಗುವ ಶಕ್ತಿ ಬಿಟ್ಟು, ರೆಸೊನೇಟರ್‌ನೊಳಗಿನ ನಷ್ಟವನ್ನಷ್ಟೇ ತೋರಿಸುವುದು) ಲೆಕ್ಕಹಾಕಿ. ಆಕ್ಸೈಡ್ ಪದರದ ದೋಷಗಳು ಕಾರಣವಾಗಿದ್ದರೆ ಹೆಚ್ಚು ಪವರ್‌ನಲ್ಲಿ ಅವು ತುಂಬಿಹೋಗಿ ಕ್ಯೂ ಏರುತ್ತದೆ. ಧ್ವನಿಯ ಸೋರಿಕೆಗೆ ಪವರ್‌ನ ಹಂಗಿಲ್ಲ. ಕ್ಯೂ ಇದ್ದಲ್ಲೇ ಇರುತ್ತದೆ. ಇನ್ನೊಂದು ಸುಳಿವು: ವೇಫರ್‌ನ (ಹರಳಿನ ತೆಳು ಬಿಲ್ಲೆಯ) ಹಿಂಬದಿಯೂ ಪಾಲಿಶ್ ಆಗಿದ್ದರೆ ಧ್ವನಿ ಅಲ್ಲಿ ತಾಗಿ ಹಿಂತಿರುಗಿ, ಅರ್ಧ ಮಿಲಿಮೀಟರ್ ದಪ್ಪಕ್ಕೆ ಕೆಲವೇ ಮೆಗಾಹರ್ಟ್ಸ್‌ಗೊಂದರಂತೆ ಸ್ಥಾಯಿ ತರಂಗಗಳು ಏಳುತ್ತವೆ. ಆಗ ಅಕ್ಕಪಕ್ಕದ ಆವರ್ತನದ ಎರಡು ರೆಸೊನೇಟರ್‌ಗಳ ಕ್ಯೂ ಬೇರೆಬೇರೆ ಬರುತ್ತದೆ.

ಪರಿಹಾರವಾಗಿ ನಾನು ಮೊದಲು ಹೇಳುವುದು, ಸೂಕ್ಷ್ಮ ಭಾಗವನ್ನು ಪೀಜೋ ಹರಳಿನ ಮೇಲೆ ಇಡಲೇಬೇಡಿ. ಕ್ಯೂಬಿಟ್ (ಕ್ವಾಂಟಂ ಮಾಹಿತಿ ಹಿಡಿದಿಡುವ ಸರ್ಕ್ಯೂಟ್) ಸಿಲಿಕಾನ್ ಚಿಪ್‌ನಲ್ಲಿರಲಿ. ಲಿಥಿಯಂ ನಯೋಬೇಟ್‌ನ ಧ್ವನಿ ಭಾಗದ ಚಿಪ್ ಅನ್ನು ಅದರ ಮೇಲೆ ಮಗುಚಿ ಜೋಡಿಸಿ. ಸಿಲಿಕಾನ್ ಮೇಲಿನ ತೆಳುಪದರವಾದರೆ ಕೆಪಾಸಿಟರ್ ಕೆಳಗಿನ ಲಿಥಿಯಂ ನಯೋಬೇಟ್ ಕೊರೆದು ತೆಗೆಯಬಹುದು.

ತಯಾರಿಕೆಯಲ್ಲಿ ಅವಸರ ಬೇಡ. ಈ ಹರಳಿನ ತಾಪ ಬದಲಾದರೆ ಮೇಲ್ಮೈಯಲ್ಲಿ ವಿದ್ಯುದಂಶ ಕೂಡಿಕೊಳ್ಳುತ್ತದೆ. ರೆಸಿಸ್ಟ್ (ವಿನ್ಯಾಸ ಮೂಡಿಸಲು ವೇಫರ್‌ಗೆ ಬಳಿಯುವ ಪದರ) ಕಾಯಿಸಲು ಬಿಸಿ ಹಾಟ್‌ಪ್ಲೇಟ್ ಮೇಲೆ ನೇರವಾಗಿ ಇಟ್ಟರೆ ಕಿಡಿ ಹಾರಿ ಲೋಹದ ಗೆರೆ ಸುಡಬಹುದು, ವೇಫರ್ ಸೀಳಲೂಬಹುದು. ತಣ್ಣಗಿರುವಾಗಲೇ ಇಟ್ಟು ನಿಧಾನ ಏರಿಸಿ, ಅಷ್ಟೇ ನಿಧಾನ ಇಳಿಸಿ.