ಸೂಪರ್‌ಮಾರ್ಕೆಟ್‌ನ ಅಗ್ಗದ ವಾಗ್ಯು ತಗೊಳ್ಬಹುದಾ?

ಮೆಲ್ಬರ್ನ್‌ನ ಸೂಪರ್‌ಮಾರ್ಕೆಟ್‌ಗಳಲ್ಲಿ ಈಗ 'ವಾಗ್ಯು' ಅಂತ ಬರೆದ ಬೀಫ್ ಪ್ಯಾಕ್ ಸಾಮಾನ್ಯ ಆಗಿಬಿಟ್ಟಿದೆ. ಆಲ್ಡಿ, ಕೋಲ್ಸ್, ವೂಲ್‌ವರ್ತ್ಸ್ ಎಲ್ಲರೂ ಮಾರಿದ್ದಾರೆ. ಸ್ಟೇಕ್ ಇರುತ್ತದೆ, ಕೈಮಾ ಇರುತ್ತದೆ, ಬರ್ಗರ್ ಇರುತ್ತದೆ. ಇದೇ ಹೆಸರಿನ ಸ್ಟೇಕ್‌ಗೆ ಒಳ್ಳೆಯ ಮಾಂಸದಂಗಡಿಯಲ್ಲಿ ಹಲವು ಪಟ್ಟು ಬೆಲೆ. ಹಾಗಾದರೆ ಇದು ಅಸಲಿ ಹೌದಾ ಅಂತ ಮಂಗಳೂರಿನ ಗೆಳೆಯರು ಕೇಳುತ್ತಲೇ ಇರುತ್ತಾರೆ. ಓದಲು ಬರುವ ಹುಡುಗರಂತೂ ವಿಮಾನ ಹತ್ತುವ ಮೊದಲೇ ಕೇಳುತ್ತಾರೆ.

ಅಸಲಿಯೇ. ಆದರೆ ನೀವು ವಿಡಿಯೋಗಳಲ್ಲಿ ನೋಡುವ ಜಪಾನಿನ ಮಾಂಸ ಅದಲ್ಲ.

ವಾಗ್ಯು ಎಂದರೆ ಜಪಾನಿನ ನಾಲ್ಕು ದನದ ತಳಿಗಳು. ಅದರಲ್ಲಿ ಬಹುಪಾಲು ಕಪ್ಪು ತಳಿ. ಇವುಗಳಲ್ಲಿ ಕೊಬ್ಬು ಚರ್ಮದ ಕೆಳಗೆ ಮಾತ್ರ ಕೂರುವುದಿಲ್ಲ, ಮಾಂಸದ ಎಳೆಗಳ ನಡುವೆಯೂ ಸಣ್ಣ ಬಿಳಿ ಗೆರೆಗಳಾಗಿ ಹರಡುತ್ತದೆ. ಇದಕ್ಕೆ ಮಾರ್ಬ್ಲಿಂಗ್ ಅನ್ನುತ್ತಾರೆ. ಆ ಕೊಬ್ಬಿನಲ್ಲಿ ಓಲಿಕ್ ಆಮ್ಲ ಜಾಸ್ತಿ, ಅದಕ್ಕೇ ಬೇಗ ಕರಗುತ್ತದೆ. ಬಿಯರ್ ಕುಡಿಸುತ್ತಾರೆ, ಮಸಾಜ್ ಮಾಡುತ್ತಾರೆ ಅನ್ನುವ ಕಥೆಗಳನ್ನು ಬಿಡಿ. ರುಚಿ ಬರುವುದು ತಳಿಯಿಂದ, ಮತ್ತೆ ತಿಂಗಳುಗಟ್ಟಲೆ ಹಾಕುವ ಧಾನ್ಯದ ಮೇವಿನಿಂದ.

ಜಪಾನಿನಲ್ಲಿ ಈ ಲೆಕ್ಕ ಬಹಳ ಕಟ್ಟುನಿಟ್ಟು. ಪ್ರತಿ ದನಕ್ಕೂ 10 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಎ5 ಅಂತ ಕೇಳಿರುತ್ತೀರಿ. 'ಎ' ಅಂದರೆ ಒಂದು ದನದಿಂದ ಎಷ್ಟು ಮಾಂಸ ಸಿಗುತ್ತದೆ ಎಂಬುದಕ್ಕೆ, '5' ಗುಣಮಟ್ಟಕ್ಕೆ. ಆ 5 ಸಿಗಬೇಕಾದರೆ 12ರವರೆಗಿನ ಮಾರ್ಬ್ಲಿಂಗ್ ಅಳತೆಯಲ್ಲಿ ಕನಿಷ್ಠ 8 ಬರಬೇಕು. ಕೋಬೆ ಅನ್ನುವ ಹೆಸರು ಹ್ಯೋಗೊ ಪ್ರಾಂತ್ಯದ ತಾಜಿಮಾ ದನದ ಮಾಂಸಕ್ಕೆ ಮಾತ್ರ, ಅದೂ ದರ್ಜೆ ಪಾಸಾದರೆ. ಮ್ಯಾಡ್ ಕೌ ರೋಗದಿಂದಾಗಿ 2001ರಲ್ಲಿ ನಿಂತಿದ್ದ ಜಪಾನಿನ ಬೀಫ್ ಆಸ್ಟ್ರೇಲಿಯಾಕ್ಕೆ ಮತ್ತೆ ಬರತೊಡಗಿದ್ದು 2018ರಲ್ಲಿ. ಅದು ಸೂಪರ್‌ಮಾರ್ಕೆಟ್‌ನ ಅಗ್ಗದ ಸಾಲಿಗೆ ಬರುವ ಮಾಲಲ್ಲ.

ಮತ್ತೆ ಇಲ್ಲಿ ಸಿಗುವುದು ಯಾವುದು? ಇಲ್ಲೇ ಸಾಕಿದ್ದು. 1976ರಲ್ಲಿ ಜಪಾನಿನಿಂದ ನಾಲ್ಕು ಹೋರಿಗಳು ಅಮೆರಿಕಕ್ಕೆ ಹೋದವು. 1990ರ ದಶಕದಲ್ಲಿ ಇನ್ನಷ್ಟು ದನಗಳು ಹೊರಗೆ ಬಂದವು, ಆ ಸಂತತಿ ಅಮೆರಿಕದ ಮೂಲಕ ಆಸ್ಟ್ರೇಲಿಯಾವನ್ನೂ ಸೇರಿತು. ಆಮೇಲೆ ಜಪಾನ್ ಬಾಗಿಲು ಹಾಕಿಕೊಂಡಿತು. ಇವತ್ತು ಜಪಾನ್ ಬಿಟ್ಟರೆ ವಾಗ್ಯು ಸಾಕಣೆಯಲ್ಲಿ ಆಸ್ಟ್ರೇಲಿಯಾದ್ದೇ ದೊಡ್ಡ ಹೆಸರು.

ಬೆಲೆಯ ಗುಟ್ಟು ಇರುವುದು ರಕ್ತದ ಪಾಲಿನಲ್ಲಿ. ವಾಗ್ಯು ಹೋರಿಯನ್ನು ಆಂಗಸ್ ಎಂಬ ಮಾಂಸದ ತಳಿಯ ಅಥವಾ ಹಾಲಿನ ತಳಿಯ ಹಸುವಿಗೆ ಕೊಟ್ಟರೆ ಹುಟ್ಟುವ ಕರು ಎಫ್1, ಅಂದರೆ ಅರ್ಧ ವಾಗ್ಯು. ಆ ಹೆಣ್ಣು ಕರು ಬೆಳೆದ ಮೇಲೆ ಮತ್ತೆ ವಾಗ್ಯು ಹೋರಿಯನ್ನೇ ಕೊಟ್ಟರೆ ಎಫ್2, ಶೇಕಡಾ 75. ಹೀಗೆ ನಾಲ್ಕನೇ ತಲೆಮಾರಿಗೆ ಶೇಕಡಾ 93.75 ಮುಟ್ಟಿದರೆ ಪ್ಯೂರ್‌ಬ್ರೆಡ್. ಹಿಂದಿನ ಎಲ್ಲ ತಲೆಮಾರೂ ಜಪಾನಿನದ್ದೇ, ಬೇರೆ ತಳಿ ಸೇರಿಲ್ಲ ಎಂದರೆ ಮಾತ್ರ ಫುಲ್‌ಬ್ಲಡ್. ಇದನ್ನು 300 ದಿನ ಮೀರಿ ಧಾನ್ಯ ಹಾಕಿ ಬೆಳೆಸುವವರಿದ್ದಾರೆ. ಅಷ್ಟು ಮೇವಿನ ಖರ್ಚು ಎಲ್ಲಿಗೆ ಹೋಗಬೇಕು? ಬೆಲೆಯ ಮೇಲೇ ಬೀಳುತ್ತದೆ. ಅಗ್ಗದ ಪ್ಯಾಕಿನಲ್ಲಿ ಇರುವುದು ಸಾಮಾನ್ಯವಾಗಿ ಮಿಶ್ರ ತಳಿಯ ಮಾಂಸ. ಅದರಲ್ಲಿ ಮೋಸ ಇಲ್ಲ. ಅರ್ಧ ವಾಗ್ಯು ಕೂಡ ಮಾಮೂಲಿ ಸ್ಟೇಕ್‌ಗಿಂತ ಮೆತ್ತಗೆ, ರಸಭರಿತ. ನನಗೆ ಇಷ್ಟವೇ.

ನನ್ನ ತಕರಾರು ಪ್ಯಾಕಿನ ಮೇಲೆ ದೊಡ್ಡದಾಗಿ 'ವಾಗ್ಯು' ಅಂತ ಹಾಕಿ, ಬೇರೇನನ್ನೂ ಹೇಳದೆ ಬಿಡುವುದರ ಬಗ್ಗೆ. ತ್ರಿಕೋನದಲ್ಲಿ ಕಾಂಗರೂ ಇರುವ ಗುರುತು ಮಾಂಸ ಯಾವ ದೇಶದ್ದು ಅಂತ ಹೇಳುತ್ತದೆ, ತಳಿಯ ಪಾಲನ್ನು ಹೇಳುವುದಿಲ್ಲ. ಹುಡುಕಬೇಕಾದ್ದು ಮಾರ್ಬಲ್ ಸ್ಕೋರ್. ಆಸ್ಟ್ರೇಲಿಯಾದ ಅಳತೆ 0ಯಿಂದ 9ರವರೆಗೆ. 'ಎಂಎಸ್ 4-5' ಅಂತಲೋ 'ಎಂಎಸ್ 6+' ಅಂತಲೋ ಬರೆದಿರುತ್ತದೆ. ಸಂಖ್ಯೆ ಇದ್ದರೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಕಣ್ಣೇ ಗತಿ. ಪ್ಯಾಕ್ ಎತ್ತಿ ನೋಡಿ, ನಡುವೆ ನವಿರಾದ ಬಿಳಿ ಗೆರೆಗಳು ಕಾಣಿಸದಿದ್ದರೆ ವಾಪಸ್ ಇಡಿ. ಅದೇ ದುಡ್ಡಿಗೆ ಪಕ್ಕದಲ್ಲೇ ಒಳ್ಳೆಯ ಆಂಗಸ್ ಇರುತ್ತದೆ.

ಇನ್ನೊಂದು ವಿಷಯ ಸುಮಾರು ಜನರಿಗೆ ಗೊತ್ತಿಲ್ಲ. ಸ್ಕೋರ್ ಕೊಡುವುದು ಪಕ್ಕೆಲುಬಿನ ಹತ್ತಿರ ಬೆನ್ನಿನ ಮಾಂಸವನ್ನು ನೋಡಿ. ಆ ಅಂಕ ಇಡೀ ದನಕ್ಕೆ. ಹಾಗಾಗಿ 6 ಬಂದ ದನದ ತೊಡೆಯ ಮಾಂಸದಲ್ಲಿ ಸ್ಕಾಚ್ ಫಿಲೆಯಷ್ಟು, ಅಂದರೆ ಪಕ್ಕೆಲುಬಿನ ಬಳಿಯ ಬೆನ್ನಿನ ತುಂಡಿನಷ್ಟು, ಗೆರೆಗಳು ಇರುವುದಿಲ್ಲ. ಒಂದೇ ಸ್ಕೋರ್, ಒಂದೇ ದನ, ಆದರೂ ಬಾಯಿಗೆ ಬೇರೆ ಬೇರೆ. ಕಡಿಮೆ ಬೆಲೆಗೆ ಇಳಿಯುವುದು ಹೆಚ್ಚಾಗಿ ಇಂಥ ತುಂಡುಗಳೇ. ಅದರಲ್ಲೂ ಹಿಂಭಾಗದ ರಂಪ್ ಕ್ಯಾಪ್, ಭುಜದ ಕಡೆಯ ಬ್ಲೇಡ್ ಸಿಕ್ಕಿದರೆ ನಾನು ಬಿಡುವುದಿಲ್ಲ. ತೆಳ್ಳಗೆ ಕತ್ತರಿಸಿ, ಬಿಸಿ ಕಾವಲಿಗೆ ಎಣ್ಣೆ ಹಾಕದೆ, ಉಪ್ಪು ಮತ್ತು ಕುಟ್ಟಿದ ಕಾಳುಮೆಣಸು ಉದುರಿಸಿ ಎರಡೂ ಬದಿ ಬೇಗ ಬೇಗ ತಿರುಗಿಸಿ ತೆಗೆದರೆ ಸಾಕು. ಅದರ ಕೊಬ್ಬೇ ಎಣ್ಣೆ.

ಬರ್ಗರ್ ಮತ್ತು ಕೈಮಾ ಮಾತ್ರ ಬೇಡ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ವಾಗ್ಯುಗೆ ದುಡ್ಡು ಕೊಡುವುದು ಕೊಬ್ಬು ಎಳೆಗಳ ನಡುವೆ ಸೇರಿಕೊಂಡಿರುವ ರೀತಿಗೆ. ಯಂತ್ರಕ್ಕೆ ಹಾಕಿ ಅರೆದ ಮೇಲೆ ಆ ರೀತಿಯೇ ಉಳಿಯುವುದಿಲ್ಲ. ಯಾವ ಬೀಫ್ ಕೈಮಾಗೂ ಬೇಕಾದಷ್ಟು ಕೊಬ್ಬು ಸೇರಿಸಬಹುದು, ಅಲ್ವಾ? ಮೇಲಾಗಿ ಬರ್ಗರ್‌ನಲ್ಲಿ ಈರುಳ್ಳಿ, ಬ್ರೆಡ್ ಪುಡಿ, ಮಸಾಲೆ ಎಲ್ಲ ಸೇರಿರಬಹುದು. ಹಿಂದಿನ ಪಟ್ಟಿಯಲ್ಲಿ ಬೀಫ್ ಶೇಕಡಾ ಎಷ್ಟು ಅಂತ ಓದಿ. ಹೆಸರಿಗಾಗಿ ಎರಡು ಡಾಲರ್ ಜಾಸ್ತಿ ಕೊಡುವ ಅಗತ್ಯವೇ ಇಲ್ಲ.

ನಮ್ಮ ಅಡುಗೆಗೂ ಇದು ಹೊಂದುವುದಿಲ್ಲ. ಊರಿನಲ್ಲಿ ನಾವು ತಿಂದು ಬೆಳೆದ ಬೀಫ್ ಕೆಲಸ ಮಾಡಿ ಗಟ್ಟಿಯಾದ, ವಯಸ್ಸಾದ ಪ್ರಾಣಿಯದ್ದು. ಈಗಂತೂ ಕರ್ನಾಟಕದ 2020ರ ಕಾಯ್ದೆಯಂತೆ 13 ವರ್ಷ ದಾಟಿದ ಎಮ್ಮೆ ಕೋಣಗಳದ್ದು ಮಾತ್ರ. ಅದು ಕುಕ್ಕರಿನಲ್ಲಿ ಸೀಟಿ ಮೇಲೆ ಸೀಟಿ ಕೂಗಿ, ಮೆಣಸು, ಕೊತ್ತಂಬರಿ, ತೆಂಗಿನಕಾಯಿಯ ಜೊತೆ ನಿಧಾನ ಬೆಂದಾಗಲೇ ಸುಕ್ಕದ ರುಚಿ ಬರುವುದು. ವಾಗ್ಯುವನ್ನು ಹಾಗೆ ಬೇಯಿಸಿದರೆ ಕೊಬ್ಬೆಲ್ಲ ಕರಗಿ ಮಸಾಲೆಯ ಮೇಲೆ ಎಣ್ಣೆ ನಿಲ್ಲುತ್ತದೆ. ಕಾಯಿಯ ಎಣ್ಣೆಯೂ ಸೇರಿ ತಿನ್ನಲು ಜಿಡ್ಡು. ಖಾರದ ಮಸಾಲೆಯ ಕೆಳಗೆ ಆ ನಾಜೂಕಿನ ರುಚಿಯೂ ಸಿಗುವುದಿಲ್ಲ. ಸುಕ್ಕಕ್ಕೆ ಇಲ್ಲಿ ಕುತ್ತಿಗೆ, ಭುಜದ ಕಡೆಯ ಮಾಮೂಲಿ ಚಕ್ ತನ್ನಿ, ಇಲ್ಲವೇ ಕಾಲಿನ ಗ್ರೇವಿ ಬೀಫ್. ಅರ್ಧ ಬೆಲೆ, ಎರಡು ಪಟ್ಟು ರುಚಿ.

ಹೊಸದಾಗಿ ಬರುವವರು ಮೊದಲ ಸಲ ವಾಗ್ಯು ತಿನ್ನಬೇಕು ಅಂತಿದ್ದರೆ ನನ್ನ ಸಲಹೆ ಇದು. ಸ್ಕೋರ್ ಬರೆದಿರುವ ಒಂದು ತುಂಡು ಮಾತ್ರ ತಗೊಳ್ಳಿ, ಇಬ್ಬರು ಹಂಚಿಕೊಳ್ಳಿ. ಕೊಬ್ಬು ಜಾಸ್ತಿ ಇರುವುದರಿಂದ ಒಬ್ಬರಿಗೆ ಪೂರ್ತಿ ಭಾರ ಆಗುತ್ತದೆ. ಮಾಂಸದಂಗಡಿಗೆ ಹೋದರೆ ಎಫ್1 ಹೌದಾ, ಫುಲ್‌ಬ್ಲಡ್ ಹೌದಾ, ಎಷ್ಟು ದಿನ ಧಾನ್ಯ ಹಾಕಿದ್ದು ಅಂತ ಸಂಕೋಚ ಇಲ್ಲದೆ ಕೇಳಿ. ಮಾಲು ಒಳ್ಳೆಯದಿದ್ದರೆ ಅವರು ಖುಷಿಯಿಂದ ಹೇಳುತ್ತಾರೆ. ಊರಿಗೆ ಒಯ್ಯುವ ಯೋಚನೆ ಮಾತ್ರ ಬೇಡ. ಭಾರತಕ್ಕೆ ಬೀಫ್ ತರಲು ಅನುಮತಿ ಇಲ್ಲ.